ಹಿಂದಿನ ಚಕ್ರದ ಬೇರಿಂಗಿಗೆ ಗ್ರೀಸ್: ಗನ್ ಹಿಡಿಯುವ ಮುಂಚೆ

ಪ್ರಶ್ನೆ: ನಮ್ಮದು ಕಾಫಿ ತೋಟದ ಹಳೇ ಜೀಪು, ಫೋರ್ ವೀಲ್ ಡ್ರೈವ್. ಮಳೆಗಾಲ ಕಳೆದ ಮೇಲೆ ಹಿಂದಿನ ಎಡ ಚಕ್ರದಲ್ಲಿ ಗರಗರ ಸದ್ದು ಶುರುವಾಯಿತು. ಆಕ್ಸಲ್ ತುದಿಯಲ್ಲಿ ಒಂದು ಗ್ರೀಸ್ ನಿಪ್ಪಲ್ ಇದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಏರ್ ಗನ್ ಹಿಡಿದು ಚೆನ್ನಾಗಿ ತುಂಬಿಸಿದರು. ಸದ್ದು ಸ್ವಲ್ಪ ಕಮ್ಮಿಯಾಗಿದೆ. ಆದರೆ ಈಗ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ಇನ್ನೊಂದು ಸಲ ಗ್ರೀಸ್ ಹೊಡೆಸಲೇ?
– ಓದುಗರು, ಮೂಡಿಗೆರೆ

ಉತ್ತರ: ಬೇಡ, ದಯವಿಟ್ಟು ಬೇಡ. ಆ ಎಡಗಡೆ ಡ್ರಮ್ ಬಿಚ್ಚಿ ನೋಡುವವರೆಗೆ ಚಾರ್ಮಾಡಿ ಕಡೆ ಗಾಡಿ ಇಳಿಸಲೇಬೇಡಿ. ನೀವು ಬರೆದಿದ್ದನ್ನು ನೋಡಿದರೆ ಗ್ರೀಸ್, ಅದನ್ನು ಒಳಗೇ ತಡೆಯುವ ತುಟಿಯಿರುವ ಬಳೆ, ಅಂದರೆ ಆಯಿಲ್ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬಂದು ಕೂತಿದೆ. ಎಡಗಡೆ ಹಿಡಿತ ಹೋಗಿದೆ, ಬಲಗಡೆ ಮಾತ್ರ ಹಿಡಿಯುತ್ತಿದೆ. ಅದಕ್ಕೇ ಎಳೆತ.

ಹಳೇ ವಿಲ್ಲಿಸ್ ಮಾದರಿಯ ಕೆಲವು ಜೀಪುಗಳಲ್ಲಿ ಈ ನಿಪ್ಪಲ್ ಇರುತ್ತದೆ. ಅದರ ಹತ್ತಿರವೇ ಒಂದು ಸಣ್ಣ ತೂತೂ ಇರುತ್ತದೆ, ಜಾಸ್ತಿಯಾದ ಗ್ರೀಸ್ ಹೊರಗೆ ಬರಲಿ ಅಂತಲೇ ಕೊಟ್ಟ ದಾರಿ ಅದು. ನಮ್ಮ ಕೆಸರಿನಲ್ಲಿ ಓಡಾಡುವ ಗಾಡಿಗಳಲ್ಲಿ ಅದು ಮುಚ್ಚಿಹೋಗಿ ಎಷ್ಟು ವರ್ಷವಾಗಿರುತ್ತದೋ. ಒಂದು ತೆಳು ತಂತಿ ಹಾಕಿ ಮೊದಲು ಅದನ್ನು ಬಿಡಿಸಬೇಕು, ಆಮೇಲೆ ಕೈಯಿಂದ ಒತ್ತುವ ಗ್ರೀಸ್ ಗನ್ನಿನಲ್ಲಿ ನಿಧಾನವಾಗಿ ಒತ್ತಬೇಕು, ಆ ತೂತಿನಲ್ಲಿ ಗ್ರೀಸ್ ಮುಖ ತೋರಿಸಿದ ಕೂಡಲೇ ನಿಲ್ಲಿಸಬೇಕು. ಏರ್ ಗನ್ನಿನ ಒತ್ತಡಕ್ಕೆ ಸೀಲಿನ ತುಟಿ ತಡೆಯೋದಿಲ್ಲ. ನಾನು ಬಿಚ್ಚಿ ನೋಡಿದ ಒಂದು ಡ್ರಮ್ಮಿನಲ್ಲಿ ಗ್ರೀಸ್ ಮತ್ತು ಶೂ ಪುಡಿ ಸೇರಿ ಜೋನಿ ಬೆಲ್ಲದ ಹಾಗೆ ಮೆತ್ತಿಕೊಂಡಿತ್ತು, ಬೆರಳಿಟ್ಟರೆ ಅಂಟು ಎಳೆ ಎಳೆಯಾಗಿ ಬರುತ್ತಿತ್ತು. ಆ ಗಾಡಿ ದಿನಾ ಕೂಲಿಯವರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಓಡಾಡುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸದ್ದು ಬಂದ ಬೇರಿಂಗನ್ನು ಕಣ್ಣಿಂದ ನೋಡಲೇಬೇಕು. ಚಕ್ರದ ನಡುವೆ ಸ್ಪ್ಲಿಟ್ ಪಿನ್ ಹಾಕಿದ ಒಂದು ದೊಡ್ಡ ನಟ್ ಕಂಡರೆ ನಿಮ್ಮದು ಟೇಪರ್ ಶಾಫ್ಟ್, ಅಂದರೆ ತುದಿ ಸಪೂರವಾಗುತ್ತಾ ಹೋಗುವ ಶಾಫ್ಟ್. ಗಾಡಿ ನೆಲದ ಮೇಲೆ ಇರುವಾಗಲೇ ಆ ನಟ್ ಸಡಿಲ ಮಾಡಿಕೊಳ್ಳಿ. ಜಾಕ್ ಹಾಕುವ ಮುಂಚೆ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಇದು ಸುಮ್ನೆ ಹೇಳುವ ಮಾತಲ್ಲ. ಹಳೇ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರೋದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಮೇಲೆದ್ದಿತು ಅಂದರೆ ಆಕ್ಸಲ್ ನಡುವಿನ ಗೇರ್ ಗುಂಪು, ಅಂದರೆ ಡಿಫರೆನ್ಷಿಯಲ್, ತಿರುಗಿಬಿಡುತ್ತದೆ, ನೆಲದ ಮೇಲಿರುವ ಇನ್ನೊಂದು ಚಕ್ರ ಉರುಳುತ್ತದೆ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಅಷ್ಟೇ. ಬರೀ ಜಾಕ್ ನಂಬಿ ಕೆಳಗೆ ಕೂರಬೇಡಿ, ಸ್ಟ್ಯಾಂಡ್ ಕೊಡಿ.

ಹಬ್ ತೆಗೆಯೋಕೆ ಪುಲ್ಲರ್, ಅಂದರೆ ಅದನ್ನು ಹಿಡಿದು ಹೊರಗೆ ಎಳೆಯುವ ಸಾಧನ, ಬೇಕೇ ಬೇಕು. ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಹೊಡೆದರೆ ಮರೆ (ನಟ್ ಕೂರುವ ಥ್ರೆಡ್) ಕೆಡುತ್ತದೆ, ಪೆಟ್ಟು ಒಳಗಿನ ಡಿಫರೆನ್ಷಿಯಲ್‌ವರೆಗೂ ಹೋಗುತ್ತದೆ. ಪುಲ್ಲರ್ ಬಿಗಿಯುವಾಗ ನಟ್ ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿಕೊಳ್ಳಿ, ಹಬ್ ಒಮ್ಮೆಲೇ ಸಿಡಿದು ಮೈಮೇಲೆ ಬರೋದಿಲ್ಲ. ಬ್ರೇಕ್ ಶೂ ಕೂತಿರುವ ಬ್ಯಾಕ್ ಪ್ಲೇಟ್ ತೆಗೆದಾಗ ಅದರ ಹಿಂದೆ ಕಾಗದದಷ್ಟು ತೆಳ್ಳಗಿನ ತಗಡಿನ ಶಿಮ್‌ಗಳು ಸಿಗಬಹುದು. ಒಂದನ್ನೂ ಕಳೆಯಬೇಡಿ, ಎಷ್ಟಿದ್ದವೋ ಅಷ್ಟನ್ನೇ ವಾಪಸ್ ಹಾಕಿ. ಶಾಫ್ಟ್ ಎಷ್ಟು ಆಡಬೇಕು ಅನ್ನೋದು ಅದರ ಮೇಲೆಯೇ ನಿಂತಿದೆ, ಆ ಆಟ ಕೂದಲೆಳೆಯಷ್ಟು.

ಬೇರಿಂಗ್ ಶಾಫ್ಟಿಗೆ ಬಿಗಿಯಾಗಿ ಕೂತೇ ಹೊರಗೆ ಬರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಬಟ್ಟೆಯಲ್ಲಿ ಒರೆಸಿ, ಏರ್ ಹಿಡಿದು ಗಿರಗಿರ ತಿರುಗಿಸಬೇಡಿ. ರೋಲರ್ ನೀಲಿಗಟ್ಟಿದೆಯಾ, ರೋಲರ್ ಉರುಳುವ ಹೊರಗಿನ ಬಳೆಯಲ್ಲಿ (ಕಪ್) ಉಗುರು ಎಳೆದರೆ ಗುಳಿ ಸಿಗುತ್ತಾ ನೋಡಿ. ಹಾಗಿದ್ದರೆ ಗ್ರೀಸ್ ಹಾಕಿ ಏನೂ ಪ್ರಯೋಜನವಿಲ್ಲ, ಕಪ್ ಮತ್ತು ಕೋನ್ (ರೋಲರ್ ಕೂತ ಒಳಗಿನ ಭಾಗ) ಎರಡೂ ಹೊಸದೇ ಆಗಬೇಕು. ನಿಮಗೆ ಸದ್ದು ಬಂದಿರೋದರಿಂದ ಆ ಖರ್ಚಿಗೆ ಸಿದ್ಧವಾಗಿರಿ. ಚೆನ್ನಾಗಿದ್ದರೆ ದಪ್ಪ ಬದಿಯಿಂದ ಬೆರಳಿನಲ್ಲಿ ಗ್ರೀಸ್ ಒತ್ತುತ್ತಾ ಹೋಗಿ, ರೋಲರ್‌ಗಳ ನಡುವೆ ಇನ್ನೊಂದು ಬದಿಯಲ್ಲಿ ಶಾವಿಗೆ ಒರಳಿನಿಂದ ಎಳೆ ಇಳಿಯುವ ಹಾಗೆ ಬರಬೇಕು. ಸ್ವಲ್ಪ ತಿರುಗಿಸಿ, ಮತ್ತೆ ಒತ್ತಿ, ಸುತ್ತಲೂ ಆಗಲಿ. ಸುತ್ತಲಿನ ಖಾಲಿ ಜಾಗವನ್ನು ಮಾತ್ರ ಪೂರ್ತಿ ತುಂಬಬೇಡಿ, ಬಿಸಿಯಾದಾಗ ಗ್ರೀಸಿಗೆ ಹಿಗ್ಗೋಕೆ ಜಾಗ ಬೇಕು.

ಗ್ರೀಸ್ ಲಿಥಿಯಂ ಇರಲಿ, ಅಂಗಡಿಯಲ್ಲಿ ಎಪಿ-3 ಅಂದರೆ ಕೊಡುತ್ತಾರೆ. ಚಾಸಿಸ್‌ಗೆ ಹಾಕುವ ಹಳದಿ ಕ್ಯಾಲ್ಸಿಯಂ ಗ್ರೀಸ್ ಇಲ್ಲಿಗೆ ಆಗೋದಿಲ್ಲ. 100 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದರೆ ಅದು ಕರಗಿ ಹರಿಯುತ್ತದೆ, ಲಿಥಿಯಂ ಸುಮಾರು 180 ಡಿಗ್ರಿವರೆಗೂ ಕರಗೋದಿಲ್ಲ. ಘಾಟಿ ಇಳಿಯುವಾಗ ಡ್ರಮ್ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು.

ಗ್ರೀಸ್ ದಾಟಿಬಂದ ಹೊರಗಿನ ಸೀಲನ್ನೂ ಒಳಗಿನ ಸೀಲನ್ನೂ ಹೊಸದಾಗಿ ಹಾಕಿ, ಒಳಗಿನದರ ತುಟಿ ಡಿಫರೆನ್ಷಿಯಲ್ ಕಡೆಗೆ. ಗ್ರೀಸ್ ಕುಡಿದ ಶೂ ತೊಳೆದರೆ, ಸುಟ್ಟರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಎಡ ಬಲ ಎರಡೂ ಕಡೆ ಲೈನಿಂಗ್ ಬದಲಾಯಿಸಿ. ಬ್ರೇಕ್ ಪೈಪ್ ಬಿಚ್ಚಿರುತ್ತೀರಿ, ಏರ್ ತೆಗೆಯೋದನ್ನು ಮರೆಯಬೇಡಿ. ಹಬ್ ನಟ್ ಚೆನ್ನಾಗಿ ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ಇನ್ನಷ್ಟು ಬಿಗಿ ಮಾಡಿ ಕೂಡಿಸಿ, ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಸಡಿಲ ಹಬ್ ತನ್ನನ್ನು ಶಾಫ್ಟಿಗೆ ಹಿಡಿದಿಡುವ ಕೀ ಅನ್ನೋ ಕಬ್ಬಿಣದ ತುಂಡನ್ನು ಕತ್ತರಿಸುತ್ತದೆ.

ಪ್ರಶ್ನೆ: ನಮ್ಮ ಜೀಪಿನಲ್ಲಿ ಎರಡು ಸಲ ಸೀಲ್ ಹಾಕಿದರೂ ಹಿಂದಿನ ಚಕ್ರದಲ್ಲಿ ಆಯಿಲ್ ಬರುತ್ತಿದೆ. ದಿನಾ ಒಂದು ಹಳ್ಳ ದಾಟಬೇಕು.
– ಓದುಗರು, ತೀರ್ಥಹಳ್ಳಿ

ಉತ್ತರ: ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಆಡುವ ಸಣ್ಣ ಮೂತಿ) ಬಿಚ್ಚಿ ಬಾಯಲ್ಲಿ ಊದಿ ನೋಡಿ. ಗಾಳಿ ಹೋಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಓಡಿ ಬಿಸಿಯಾದ ಆಕ್ಸಲ್ ಒಳಗೆ ಗಾಳಿ ಹಿಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಆಯಿಲನ್ನು ಸೀಲಿನಿಂದಲೇ ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆಯುತ್ತದೆ. ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಡಿಯ ಎತ್ತರಕ್ಕೆ ಒಯ್ದು ಕಟ್ಟಿ. ಕ್ರೌನ್ ಆಯಿಲ್, ಅಂದರೆ ಡಿಫರೆನ್ಷಿಯಲ್ ಒಳಗಿನ ಆಯಿಲ್, ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಾಯಿಸಿ, ತುಂಬುವ ತೂತಿನ ಕೆಳ ಅಂಚಿನವರೆಗೆ ಸಾಕು. ಜಾಸ್ತಿ ಹಾಕಿದರೂ ಇದೇ ಕಥೆ.

ಪ್ರಶ್ನೆ: ಜಿಪ್ಸಿಯ ಹಿಂದಿನ ಬೇರಿಂಗಿಗೆ ಎಷ್ಟು ತಿಂಗಳಿಗೊಮ್ಮೆ ಗ್ರೀಸ್ ಹಾಕಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ಹಾಕುವ ಹಾಗಿಲ್ಲ. ಅದು ಸೀಲ್ ಆಗಿ ಬರುವ ಬಾಲ್ ಬೇರಿಂಗ್, ಹೋದರೆ ಹೊಸದು, ಜೊತೆಗೆ ಅದನ್ನು ಶಾಫ್ಟಿನಲ್ಲಿ ಹಿಡಿದಿಡುವ ಹೊಸ ರಿಟೈನರ್ ರಿಂಗ್, ಕೂರಿಸೋಕೆ ಪ್ರೆಸ್ ಇರುವ ವರ್ಕ್‌ಶಾಪ್ ಬೇಕು. ಸದ್ದು ಬಂದರೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬಲಕ್ಕೆ ತಿರುಗಿಸಿ ನೋಡಿ. ಭಾರ ಎಡಕ್ಕೆ ಬೀಳುತ್ತದೆ, ಸದ್ದು ಜಾಸ್ತಿಯಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ. ರಸ್ತೆ ಬದಲಾದ ಹಾಗೆ ಸದ್ದೂ ಬದಲಾದರೆ ಮೊದಲು ಟೈರ್ ನೋಡಿ, ದಪ್ಪ ಗಡ್ಡೆಯ ಮಡ್ ಟೈರ್‌ಗಳು ಹೀಗೇ ಗುಂಯ್‌ಗುಡುತ್ತವೆ.