ಗೇಮ್‌ನಲ್ಲಿ ಶತ್ರುಗಳನ್ನು ಕೊಲ್ಲುವುದು ತಪ್ಪಾ?

ಆಡುವವರದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ನನ್ನ ತಕರಾರು ಗೇಮ್ ತಯಾರಿಸುವವರ ಮೇಲೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ತಂಗಿಯ ಮಗ ಮೊಬೈಲ್‌ನಲ್ಲಿ ಒಬ್ಬನನ್ನು ಹೊಡೆದು ಬೀಳಿಸಿದ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮವ್ವ ಕೇಳಿದಳು: "ಅಂವಾ ನಿನಗೇನ್ ಮಾಡಿದ್ನೋ?" ಹುಡುಗ ತಬ್ಬಿಬ್ಬು. ಪಾಯಿಂಟ್ ಬರುತ್ತದೆ, ಅಷ್ಟೇ ಅಲ್ವಾ? ಶತ್ರುವಿಗೆ ಮುಖವಾಡ ಹಾಕಿ, ಹೆಸರೂ ಕೊಡದೆ, ಬಿದ್ದ ಕೂಡಲೇ ಹೆಣ ಮಾಯ ಮಾಡಿದರೆ ಯೋಚಿಸಲು ಜಾಗವೇ ಉಳಿಯುವುದಿಲ್ಲ.

ಬೇರೆ ದಾರಿಯೂ ಇದೆ. 2015ರ 'ಅಂಡರ್‌ಟೇಲ್' ಅನ್ನೋ ಗೇಮನ್ನು ಯಾರನ್ನೂ ಕೊಲ್ಲದೆ ಮುಗಿಸಬಹುದು. ಅದರಲ್ಲಿ ಕೊಂದರೆ ಸಿಗುವ 'ಇಎಕ್ಸ್‌ಪಿ' ಬೇರೆ ಗೇಮ್‌ಗಳಲ್ಲಿ ಇರುವಂತೆ ಅನುಭವದ ಅಂಕವಲ್ಲ, ಕೊಲೆಯ ಲೆಕ್ಕ ಅಂತ ಕೊನೆಗೆ ಗೊತ್ತಾಗುತ್ತದೆ. 2004ರ 'ಮೆಟಲ್ ಗೇರ್ ಸಾಲಿಡ್ 3'ರಲ್ಲಂತೂ ನೀವು ಕೊಂದವರೇ ಒಂದು ನದಿಯಲ್ಲಿ ಎದುರು ನಡೆದು ಬರುತ್ತಾರೆ. ಜಾಸ್ತಿ ಕೊಂದಿದ್ದರೆ ಸಾಲೂ ಉದ್ದ.