ಪ್ರತಿಕ್ರಿಯೆ: ಮೈಸೂರು ಶೈಲಿಲಿ ಬರೆದ ಮಾತೆ ಮರಿಯ ಚಿತ್ರ ಚರ್ಚಲ್ಲಿ ಬೇಡ ಅಂದ್ರು, ಏನ್ ಮಾಡ್ಲಿ?

ತೊಂದ್ರೆ ನೀವು ಮಾತೆಗೆ ಉಡಿಸಿರೋ ಸೀರೆದಲ್ಲ, ಹಿಂದಿನ ಪ್ರಭಾವಳಿದೇ ಇರ್ಬೇಕು. ಸೀರೆನ ವೇಲಾಂಕಣ್ಣಿ ಆರೋಗ್ಯ ಮಾತೆಗೇ ಉಡಿಸ್ತಾರಲ್ಲ. ಆದ್ರೆ ನಿಮ್ಮ ಫೋಟೋಲಿ ತಲೆ ಮೇಲೆ ಸಿಂಹಮುಖದ ಕಮಾನು, ಕೆಳಗೆ ತಾವರೆ, ಎರಡೂ ಸೇರಿ ನೋಡ್ದೋರಿಗೆ ಫಸ್ಟು ಲಕ್ಷ್ಮಿ ಅನ್ಸುತ್ತೆ, ಫಾದರ್ ಹಿಂಜರಿದಿದ್ದು ಅದಕ್ಕೇ ಅನ್ಕೋತೀನಿ.

ಮೊದ್ಲು ಬೇಡ ಅಂದಿದ್ದು ಚಿತ್ರಕ್ಕಾ ಇಲ್ಲಾ ಬಲಿಪೀಠದ ಹತ್ರ ಇಡೋದಕ್ಕಾ ಅಂತ ಬಿಡಿಸಿ ಕೇಳಿ. ಚಿತ್ರಕ್ಕೇ ಅಂದ್ರೆ ಕಮಾನು, ತಾವರೆ ತೆಗ್ದು ತಲೆ ಸುತ್ತ ಹನ್ನೆರಡು ನಕ್ಷತ್ರ, ಕಾಲ್ಕೆಳಗೆ ಚಂದ್ರ ಹಾಕಿ, ಬೈಬಲ್ಲಿನ ಪ್ರಕಟನೆ ಪುಸ್ತಕದ 12ನೇ ಅಧ್ಯಾಯದಲ್ಲಿ ಇರೋ ಹಾಗೆ, ಗೆಸ್ಸೊ (ರೇಕಿನ ಕೆಳಗೆ ಹಚ್ಚೋ ಪೇಸ್ಟು) ಉಬ್ಬು, ಚಿನ್ನದ ರೇಕು ಎಲ್ಲಾ ಅಲ್ಲಿಗೇ ಬಳಸಿ, ಮೈಸೂರು ಶೈಲಿ ಎಲ್ಲೂ ಹೋಗಲ್ಲ. ಮೊದ್ಲೇ ಪೆನ್ಸಿಲ್ ಸ್ಕೆಚ್ ತೋರ್ಸಿ, ರೇಕು ಅಂಟಿಸಿದ್ಮೇಲೆ ಕೆರೆಯೋ ಕರ್ಮ ಯಾರಿಗೆ ಬೇಕು.

ನಮ್ಮ ಕಲೆ ನಮ್ಮ ವಿಶ್ವಾಸಕ್ಕೆ ಒಗ್ಗಲ್ವಾ ಅಂತ ನೀವು ಕೇಳಿದ್ರಲ್ಲ, ಎರಡನೇ ವ್ಯಾಟಿಕನ್ ಕೌನ್ಸಿಲ್ಲು (ಕ್ಯಾಥೊಲಿಕ್ ಬಿಷಪ್ಪರ ಮಹಾಸಭೆ) 1963ರಲ್ಲಿ ಆರಾಧನೆ ಬಗ್ಗೆ ಹೊರಡಿಸಿದ ದಾಖಲೆಯ 123ನೇ ಪ್ಯಾರಾದಲ್ಲೇ ಧರ್ಮಸಭೆ ಯಾವ ಒಂದು ಶೈಲಿನೂ ತನ್ನದು ಅಂತ ಇಟ್ಕೊಂಡಿಲ್ಲ ಅಂತಿದೆ, ಪ್ರಿಂಟ್ ತಗೊಂಡು ಸ್ಕೆಚ್ ಜೊತೆ ಕೊಡಿ. (ನಮ್ಮ ಮೈಸೂರಿನ ಫಿಲೋಮಿನಾ ಚರ್ಚಿನ ಗೋಪುರಗಳೂ ಜರ್ಮನಿ ಕಡೆ ಶೈಲಿನೇ ಅಲ್ವಾ.) ಪೀಠದ ಹತ್ರ ಒಪ್ತಾರೆ ಅಂತ ಗ್ಯಾರಂಟಿ ಹೇಳಕ್ಕಾಗಲ್ಲ, ಒಪ್ಪದಿದ್ರೆ ಪ್ಯಾರಿಷ್ ಹಾಲ್ ಗೋಡೆ ಕೇಳಿ.