ಅಗ್ಗದ ಬೆಳೆ ವಿಮೆಯನ್ನೂ ಸಣ್ಣ ರೈತರು ಏಕೆ ಕೊಳ್ಳುವುದಿಲ್ಲ?

ಪ್ರೀಮಿಯಂ ಕಡಿಮೆಯಿದ್ದರೂ ಅಭಿವೃದ್ಧಿಶೀಲ ದೇಶಗಳ ಸಣ್ಣ ರೈತರು ಕಿರುವಿಮೆಯಿಂದ, ಅಂದರೆ ಕಡಿಮೆ ಆದಾಯದವರಿಗೆಂದೇ ಇರುವ ಸಣ್ಣ ಮೊತ್ತದ ವಿಮೆಯಿಂದ, ದೂರ ಉಳಿಯುವುದನ್ನು ತಿಳಿವಳಿಕೆಯ ಕೊರತೆಯೆಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ವಿಮೆಗೆ ಹಣವನ್ನು ಇಂದೇ ಕೊಡಬೇಕು, ಪ್ರತಿಯಾಗಿ ದೊರೆಯುವುದು ಭರವಸೆ ಮಾತ್ರ. ಕಂಪನಿ ಮಾತು ತಪ್ಪಿದರೆ ಕೋರ್ಟು ಕಚೇರಿ ಅಲೆಯುವ ಶಕ್ತಿ ಅವರಿಗಿರುವುದಿಲ್ಲ.

ಕಂಪನಿ ಪರಿಹಾರ ಕೊಡುತ್ತದೋ ಇಲ್ಲವೋ ಎಂಬ ಅನುಮಾನ ಹವಾಮಾನ ಆಧಾರಿತ ವಿಮೆಯಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಅಲ್ಲಿ ಪರಿಹಾರ ನಿರ್ಧಾರವಾಗುವುದು ಹೊಲದ ನಷ್ಟವನ್ನು ನೋಡಿ ಅಲ್ಲ, ಸಮೀಪದ ಮಳೆಮಾಪನ ಕೇಂದ್ರದ ಅಂಕಿಯಿಂದ. ಕೇಂದ್ರದ ಬಳಿ ಮಳೆ ಸುರಿದು ತನ್ನ ಹೊಲ ಮಾತ್ರ ಒಣಗಿದಾಗ, ಕರಾರಿನ ಪ್ರಕಾರ ಎಲ್ಲವೂ ಸರಿಯಿದ್ದರೂ, ರೈತನಿಗೆ ಅದು ಮೋಸವಾಗಿಯೇ ಕಾಣುತ್ತದೆ. ಬೆಳೆಯ ಜೊತೆಗೆ ಪ್ರೀಮಿಯಂ ಹಣವನ್ನೂ ಕಳೆದುಕೊಂಡ ಆತ, ವಿಮೆ ಮಾಡಿಸದ ನೆರೆಯವನಿಗಿಂತ ಹೆಚ್ಚು ಸೋತಿರುತ್ತಾನೆ.

ಕೀನ್ಯಾದ ಕಬ್ಬು ಬೆಳೆಗಾರರ ಕುರಿತು ಅರ್ಥಶಾಸ್ತ್ರಜ್ಞರಾದ ಕಾಸಬುರಿ ಮತ್ತು ವಿಲ್ಲಿಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೀಮಿಯಂ ಅನ್ನು ಮುಂಗಡವಾಗಿ ಕೇಳಿದಾಗ ಶೇ. 5ರಷ್ಟು ರೈತರು ಮಾತ್ರ ವಿಮೆ ಪಡೆದರೆ, ಕಟಾವಿನ ನಂತರ ಕಬ್ಬಿನ ಹಣದಲ್ಲಿ ಮುರಿದುಕೊಳ್ಳುವ ಏರ್ಪಾಡಿನಲ್ಲಿ ಆ ಪ್ರಮಾಣ ಶೇ. 72ಕ್ಕೆ ಏರಿತು. ಕೈಯಲ್ಲಿ ಕಾಸಿಲ್ಲದಿರುವುದೂ ಇದಕ್ಕೆ ಕಾರಣ, ನಿಜ. ಆದರೆ ಘಾನಾದಲ್ಲಿ, ತಾವೋ ತಮ್ಮ ಪರಿಚಿತರೋ ಪರಿಹಾರ ಪಡೆದದ್ದನ್ನು ಕಂಡ ರೈತರು ಮುಂದಿನ ಹಂಗಾಮಿನಲ್ಲಿ ವಿಮೆಗೆ ಹೆಚ್ಚು ಒಲವು ತೋರಿದ್ದನ್ನು ಹಣದ ಅಭಾವವೊಂದರಿಂದಲೇ ವಿವರಿಸಲಾಗದು; ಅಲ್ಲಿ ನಂಬಿಕೆಯ ಪಾತ್ರವೂ ಇದೆ.